ಹದ್ದಿನಗುಡ್ಡ ಇಳಿದ ದಿನ

ದೇವದುರ್ಗದ ಸರಕಾರಿ ದವಾಖಾನೆಯಲ್ಲಿ ಸಿಡುಬಿನ ಲಸಿಕೆ ಹಾಕುವ ಮಲಂಗಸಾಬರು ತಮ್ಮ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಊರೂರಿನ ಬಂಡಿ ಹತ್ತಿದ್ದರು, ಹರಿಗೋಲಿನಲ್ಲಿ ಕೃಷ್ಣೆ ದಾಟಿದ್ದರು, ಒಮ್ಮೆ ಯಾರದೋ ಕುದುರೆ ಏರಿ ಬಿದ್ದೂ ಇದ್ದರು. ಗುಡ್ಡ ಮಾತ್ರ ಹತ್ತಿದವರಲ್ಲ. ದಪ್ಪ ಮೈ, ಸಣ್ಣ ಪಾದ, ಮೂಗಿನ ಮೇಲೆ ಸೀಸೆಯ ತಳದಷ್ಟು ದಪ್ಪ ಗಾಜಿನ ಚಾಳೀಸು. ಎತ್ತರದ ಜಾಗ ಎಂದರೆ ಅವರಿಗೆ ಮೊದಲಿನಿಂದಲೂ ಕಾಲು ನಡುಗುತ್ತಿತ್ತು. ರಾಯಚೂರಿನ ತಮ್ಮ ಮನೆಯ ಮಾಳಿಗೆಗೆ ಕೂಡ ಅವರು ಹೋಗುತ್ತಿರಲಿಲ್ಲ. ಅಲ್ಲಿ ಹಪ್ಪಳ ಒಣಹಾಕುವ ಕೆಲಸವೆಲ್ಲ ಹೆಂಡತಿ ರಂಜಾನಬಿಯದು, ಮಗಳು ಜಾಹೆದಾಳದು.

ಯುದ್ಧ ನಡೆದಿದ್ದ ಕಾಲ ಅದು. ಆ ವರ್ಷ ಸಂಕ್ರಾಂತಿ ಮುಗಿದ ಹದಿನೈದು ದಿನಕ್ಕೆ ಮಾನ್ವಿ ಕಡೆಯ ಹಳ್ಳಿಗಳಲ್ಲಿ ಸಿಡುಬು ಕಾಣಿಸಿಕೊಂಡಿತು. ಸುದ್ದಿ ಕೇಳಿದ್ದೇ ತಡ, ಕುರಿ ಕಾಯುವ ಒಂಬತ್ತು ಮನೆಯವರು ಕುರಿ, ಮಕ್ಕಳು, ಗಡಿಗೆ, ಕಂಬಳಿ ಎಲ್ಲ ಕಟ್ಟಿಕೊಂಡು ಹದ್ದಿನಗುಡ್ಡದ ನೆತ್ತಿಗೆ ಹೋಗಿ ಹಟ್ಟಿ ಹಾಕಿದರು. ಕೆಳಗಿನ ಊರಿನ ಗಾಳಿಯೂ ತಮಗೆ ಬೇಡ ಎಂಬುದು ಅವರ ಹಟ. ಅವರು ಕೆಳಗೆ ಬರುವುದಿಲ್ಲವಾದರೆ ಲಸಿಕೆಯೇ ಮೇಲೆ ಹೋಗಬೇಕು ಎಂದು ಡಾಕ್ಟರು ಹುಕುಂ ಕೊಟ್ಟರು. ಹೀಗಾಗಿ ಮಲಂಗಸಾಬರು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯಲ್ಲಿ ಲಸಿಕೆಯ ಗಾಜಿನ ನಳಿಕೆಗಳನ್ನಿಟ್ಟುಕೊಂಡು ಗುಡ್ಡದ ಬುಡಕ್ಕೆ ಬಂದು ನಿಂತರು.

ದಾರಿ ತೋರಿಸಲು ಸಿಕ್ಕವಳು ಆದೆಮ್ಮ. ಅದೇ ಹಟ್ಟಿಯವಳು, ಅರವತ್ತು ದಾಟಿದವಳು. ಉಪ್ಪು ತೀರಿದ್ದರಿಂದ ಹಟ್ಟಿಯವರೆಲ್ಲರ ಪರವಾಗಿ ಒಬ್ಬಳೇ ಕೆಳಗಿಳಿದಿದ್ದಳು. ತಲೆಯ ಮೇಲಿನಿಂದ ಮೊಳಕಾಲಿನವರೆಗೆ ಕರಿ ಕಂಬಳಿ, ಕೈಯಲ್ಲಿ ತನಗಿಂತ ಎತ್ತರದ ಕೋಲು. ಅವಳು ಮುಂದೆ, ಇವರು ಹಿಂದೆ. ಅರ್ಧ ದಿನ ಹತ್ತಿದರು. ಕೊನೆಗೆ ಒಂದು ದೊಡ್ಡ ಹಾಸುಬಂಡೆ ಬಂತು. ಅದನ್ನು ಮಲಂಗಸಾಬರು ನಾಲ್ಕೂ ಕೈಕಾಲು ಊರಿ, ಕಣ್ಣು ಮುಚ್ಚಿ, ಅಲ್ಲಾನ ಹೆಸರು ಹೇಳುತ್ತ ಏರಿದರು. ಮೇಲೆ ತಲುಪಿದಾಗ ಹಟ್ಟಿಯಲ್ಲಿ ಒಂದು ಮಗುವೂ ಕಾಣಲಿಲ್ಲ. ಸೂಜಿಯವನು ಬಂದ ಎಂದು ತಾಯಂದಿರು ಮಕ್ಕಳನ್ನು ಕುರಿಮರಿಗಳ ಬುಟ್ಟಿಯ ಕೆಳಗೆ ಕವುಚಿ ಹಾಕಿದ್ದರು.

ಆಗ ಆದೆಮ್ಮ ಕಂಬಳಿ ಸರಿಸಿ ತನ್ನ ತೋಳನ್ನು ಚಾಚಿದಳು. "ಮೊದಲ ನನಗ ಹಾಕ್ರಿ ಸಾಬರ. ನಾ ಸತ್ತರ ಯಾರಿಗೂ ಹಾಕಬ್ಯಾಡ್ರಿ. ಬದುಕಿದ್ರ ಎಲ್ಲಾರಿಗೂ ಹಾಕ್ರಿ."

ಹೊತ್ತು ಇಳಿಯುವವರೆಗೂ ಅವಳು ಸಾಯದೆ, ಎಲ್ಲರೆದುರಿಗೇ ರೊಟ್ಟಿ ಬಡಿಯುತ್ತ ಕೂತಿದ್ದನ್ನು ನೋಡಿ ಬುಟ್ಟಿಗಳು ಒಂದೊಂದಾಗಿ ಮೇಲೆದ್ದವು. ದೀಪ ಹಚ್ಚುವ ಹೊತ್ತಿಗೆ ಹಟ್ಟಿಯ ಪ್ರತಿಯೊಬ್ಬರ ತೋಳಿನ ಮೇಲೂ ಮಲಂಗಸಾಬರ ಸೂಜಿಯ ಗುರುತಿತ್ತು. ಇನ್ನೂ ಐದು ನಳಿಕೆ ಉಳಿದಿದ್ದವು. ಅವು ಗುಡ್ಡದಾಚೆಯ ಕುರ್ಡಿಯವರಿಗೆ. ಬಿಸಿಲಿಗೆ ಕೆಡುವ ಮೊದಲು, ಮರುದಿನವೇ ಅವನ್ನು ಅಲ್ಲಿಗೆ ಮುಟ್ಟಿಸಬೇಕಿತ್ತು.

ಮರುದಿನ ಬೆಳಿಗ್ಗೆ ನಮಾಜು ಮುಗಿಸಿ, ಬಿಸಿಲು ಬಿದ್ದ ಮೇಲೆ ಮಲಂಗಸಾಬರು ಬಂಡೆಯ ನಡುವಿನ ನೀರಿನ ದೊಣೆಯ ಬಳಿ ಮುಖ ತೊಳೆಯಲು ಕೂತರು. ಚಾಳೀಸನ್ನು ತೆಗೆದು ಪಕ್ಕದ ಕಲ್ಲಿನ ಮೇಲಿಟ್ಟರು. ನೀರು ಮುಖಕ್ಕೆ ಎರಚಿಕೊಂಡು ಕೈ ಚಾಚುತ್ತಾರೆ, ಚಾಳೀಸಿಲ್ಲ. ಅತ್ತ ಇತ್ತ ತಡಕಾಡಿದರು. ಮೇಲೆಲ್ಲೋ 'ಕಿಚ್' ಎಂಬ ಸದ್ದಾಯಿತು. ಹಟ್ಟಿಯ ಮಕ್ಕಳೆಲ್ಲ ಒಮ್ಮೆಗೇ ಕೂಗಿಕೊಂಡರು: "ಮಂಗ್ಯಾ! ಮಂಗ್ಯಾ ಒಯ್ತು!"

ಮಂಗ ಅದನ್ನು ಮೂಸಿತಂತೆ, ಕಚ್ಚಿತಂತೆ, ಮೂಗಿಗೆ ಹಿಡಿದು ನೋಡಿತಂತೆ. ಆಮೇಲೆ ಬೇಸರವಾಗಿ ಕೆಳಗೆ ಬೀಳಬಿಟ್ಟಿತಂತೆ. ಇದನ್ನೆಲ್ಲ ಮಕ್ಕಳು ಹೇಳಿದ್ದು. ಮಲಂಗಸಾಬರಿಗೆ ಕೇಳಿಸಿದ್ದು ಎರಡು ದೊಡ್ಡ ಬಂಡೆಗಳ ಸೀಳಿನೊಳಗೆ ಗಾಜು ಟಣ್ ಟಣ್ ಎಂದು ಬಡಿಯುತ್ತ ಆಳಕ್ಕೆ ಹೋದ ಸದ್ದು ಮಾತ್ರ.

ಅವರು ಒದ್ದೆ ಮುಖದಲ್ಲೇ ಕೂತುಬಿಟ್ಟರು. ಎದುರಿಗಿದ್ದ ಲೋಕವೆಲ್ಲ ನೀರಿನಲ್ಲಿ ಕದಡಿದ ಬಣ್ಣದ ಹಾಗೆ ಕಾಣುತ್ತಿತ್ತು. ತಮ್ಮ ಕೈಯ ಬೆರಳುಗಳನ್ನು ಎಣಿಸಬೇಕಾದರೂ ಮೂಗಿನ ಹತ್ತಿರ ತಂದುಕೊಳ್ಳಬೇಕಿತ್ತು.

ಆದೆಮ್ಮನ ಮೈದುನ ಬೂದೆಪ್ಪ ಬಂದು ನೋಡಿದ. ಹಟ್ಟಿಗೆ ಅವನೇ ಯಜಮಾನ. "ಕಂಬಳ್ಯಾಗ ಕಟ್ಟಿ, ನಾಲ್ಕು ಮಂದಿ ಹೊತ್ಕೊಂಡು ಇಳಿಸ್ತೀವ್ರಿ ಸಾಬರ," ಎಂದ.

ಮಲಂಗಸಾಬರಿಗೆ ಹಾಸುಬಂಡೆ ನೆನಪಾಯಿತು. ಅದರ ಮೇಲೆ ನಾಲ್ಕು ಜನ ತಮ್ಮನ್ನು ಹೊತ್ತು ಜಾರುತ್ತಿರುವುದು ಕಣ್ಣ ಮುಂದೆ ಬಂತು. "ಬ್ಯಾಡಪ್ಪಾ," ಎಂದರು. "ನಾ ಸತ್ತರ ನಾನೊಬ್ಬನ ಸಾಯ್ತೀನಿ. ನಾಲ್ಕು ಮಂದೀನ ಜೋಡಿ ಕರಕೊಂಡು ಹೋಗಂಗಿಲ್ಲ."

"ಯಾರೂ ಸಾಯಂಗಿಲ್ಲ," ಎಂದಳು ಹಿಂದಿನಿಂದ ಆದೆಮ್ಮ. "ಹಾಸಬಂಡಿ ಕಡಿಂದ ಬ್ಯಾಡ. ಆಡು ಇಳಿಯೋ ದಾರಿ ಅದ, ಪಡುವಣ ಕಡಿಂದ. ದೂರ ಆಕ್ಕತಿ. ಆದ್ರ ಕಾಲಿಗೆ ನೆಲ ಸಿಗ್ತದ. ನಾ ಕರಕೊಂಡು ಹೋಗ್ತೀನಿ. ಬೂದೆಪ್ಪಾ, ನೀ ಕುರಿ ನೋಡ್ಕ. ಎರಡು ಈಯಾಕ ಬಂದಾವ."

ಅವಳು ಕೋಲಿನ ಒಂದು ತುದಿಯನ್ನು ಮಲಂಗಸಾಬರ ಕೈಗಿಟ್ಟಳು. ಇನ್ನೊಂದು ತುದಿ ತನ್ನ ಕಂಕುಳಲ್ಲಿ. ಲಸಿಕೆಯ ಕುಡಿಕೆಯನ್ನು ಸೆರಗಿನಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡಳು. ಹಟ್ಟಿಯವರೆಲ್ಲ ಅಂಚಿನವರೆಗೆ ಬಂದು ನಿಂತರು. ಯಾರೋ ಒಬ್ಬ ತಾಯಿ ಅವರ ಚೀಲಕ್ಕೆ ರೊಟ್ಟಿಯ ಗಂಟು ತುರುಕಿದಳು. ಯಾರೆಂದು ಅವರಿಗೆ ಕಾಣಲಿಲ್ಲ.

ಮೊದಲ ಫರ್ಲಾಂಗಿನಲ್ಲೇ ಅವರು ಮೂರು ಸಲ ಬಿದ್ದರು. ತಪ್ಪು ಅವರದೇ. ಆದೆಮ್ಮ "ಎಡಗಾಲು ಮುಂದ, ಸಣ್ಣ ಹೆಜ್ಜಿ" ಎಂದರೆ ಅವರು ತಾವೇ ಬಗ್ಗಿ ನೋಡಲು ಹೋಗಿ, ಏನೂ ಕಾಣದೆ, ಅಂದಾಜಿನ ಮೇಲೆ ದೊಡ್ಡ ಹೆಜ್ಜೆ ಇಡುತ್ತಿದ್ದರು. ಮೂರನೇ ಸಲ ಬಿದ್ದಾಗ ಮೊಳಕೈ ತರಚಿತು. ಅವರಿಗೆ ಸಿಟ್ಟೂ ಬಂತು.

"ಏನವ್ವಾ, ಕಲ್ಲು ಅದ ಅಂತ ಹೇಳಬಾರದೇನು?"

"ಹೇಳಿದೆನಲ್ರಿ. ನೀವು ಕಿವಿ ಬಿಟ್ಟು ಕಣ್ಣಿನ ಮಾತು ಕೇಳಾಕತ್ತೀರಿ. ಅದು ಇವತ್ತು ರಜಾದ ಮ್ಯಾಲ ಅದ. ಮುಚ್ಚಿಬಿಡ್ರಿ ಅದನ್ನ."

ಮಲಂಗಸಾಬರು ಬಾಯಿ ತೆರೆದು ಮತ್ತೆ ಮುಚ್ಚಿದರು. ಆಮೇಲೆ ಕಣ್ಣನ್ನೂ ಮುಚ್ಚಿದರು. ವಿಚಿತ್ರವೆಂದರೆ, ಕಣ್ಣು ಮುಚ್ಚಿದ ಮೇಲೆ ಕಾಲಿಗೆ ಬುದ್ಧಿ ಬಂತು. ಅಂಗಾಲಿನಡಿ ಇರುವುದು ಮರಳೋ, ಒಣ ಹುಲ್ಲೋ, ಬಂಡೆಯೋ ತಿಳಿಯತೊಡಗಿತು. ಬೂಟು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಆದೆಮ್ಮನ ಮಾತು ಮುಂದಿನಿಂದ ಒಂದೇ ಸಮನೆ ಬರುತ್ತಿತ್ತು. ಮಗುವಿಗೆ ಉಣಿಸುವ ತಾಯಿ ಒಂದೊಂದೇ ತುತ್ತಿಗೆ ಒಂದೊಂದು ಮಾತು ಆಡುವಂತೆ ಅವಳು ಹೆಜ್ಜೆಗೊಂದು ಮಾತು ಆಡುತ್ತಿದ್ದಳು.

"ಇಲ್ಲಿ ಬಂಡಿಗಲ್ಲ ಮ್ಯಾಲ ಕುಂಡಿ ಊರಿ ಜಾರೂದು, ನಾಚಬ್ಯಾಡ್ರಿ, ಯಾರೂ ನೋಡಂಗಿಲ್ಲ... ಹಾಂ. ಈಗ ಬಲಕ್ಕ ಸೀತಾಫಲದ ಗಿಡ ಅದ, ಹಿಡ್ಕೊರ್ರಿ, ಗಟ್ಟಿ ಅದ ಅದು... ಇದು ನಮ್ಮತ್ತಿ ಕುಂತು ಎಲಿ ಅಡಿಕಿ ಹಾಕ್ಕೊಂತಿದ್ದ ಕಲ್ಲು, ಸೊಂಟದ ಮಟ ಬರ್ತದ, ಬಳಸಿ ಬರ್ರಿ... ಈಗ ಮೂರು ಮೆಟ್ಲು. ಒಂದು. ಎರಡು. ಮೂರನೇದು ಅಳ್ಳಾಡ್ತದ, ಅದನ್ನ ಬಿಟ್ಟು ನಾಲ್ಕನೇದಕ್ಕ ಹಾಕ್ರಿ."

ಚಿಕ್ಕಂದಿನಿಂದ ಕುರಿ ಮೇಯಿಸಿದ ಆ ಗುಡ್ಡದ ಒಂದೊಂದು ಕಲ್ಲಿಗೂ ಅವಳ ಬಳಿ ಗುರುತಿತ್ತು. ಇಲ್ಲಿ ಕುರಿ ಬಿದ್ದದ್ದು, ಇಲ್ಲಿ ಬೂದೆಪ್ಪನ ಮದುವೆಯ ಮಾತುಕತೆ ಆದದ್ದು, ಇಲ್ಲಿ ಬರಗಾಲದ ವರ್ಷ ನೀರು ಸಿಕ್ಕದ್ದು. ಮಲಂಗಸಾಬರು ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ತೋಳು ಹಿಡಿದಿದ್ದರು. ಇಷ್ಟು ಹೊತ್ತು ಯಾರ ಮಾತನ್ನೂ ಹೀಗೆ ಕೇಳಿರಲಿಲ್ಲ.

ನೆತ್ತಿಯ ಮೇಲೆ ಸೂರ್ಯ ಬಂದಾಗ ಇನ್ನೂ ಗುಡ್ಡದ ಅರ್ಧವೂ ಇಳಿದಿರಲಿಲ್ಲ. ಒಂದು ಬಂಡೆಯ ನೆರಳಿನಲ್ಲಿ ಕೂತರು. ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ, ಜಜ್ಜಿದ ಉಳ್ಳಾಗಡ್ಡಿ. ಆದೆಮ್ಮ ಕುಡಿಕೆಯ ಬಟ್ಟೆಗೆ ತಾನು ಕುಡಿಯಬೇಕಿದ್ದ ನೀರಿನಲ್ಲಿ ಅರ್ಧ ಹೊಯ್ದು ಮತ್ತೆ ಒದ್ದೆ ಮಾಡಿದ್ದು ಸದ್ದಿನಿಂದಲೇ ಅವರಿಗೆ ಗೊತ್ತಾಯಿತು.

"ಅದು ನಿನ್ನ ಕುಡಿಯೋ ನೀರಲ್ಲೇನು?"

"ಕುರ್ಡ್ಯಾಗ ನಮ್ಮ ಅಕ್ಕನ ಮಗಳು ಅದಾಳ, ಯಂಕಮ್ಮ. ಆಕಿಗೆ ಎರಡು ಕೂಸು. ಇದು ಕೆಟ್ಟರ ಆ ಕೂಸಿಗೆ ಏನು ಹಾಕ್ತೀರಿ?"

ಮಲಂಗಸಾಬರಿಗೆ ನಿನ್ನೆ ಹತ್ತುವಾಗ ಈ ಮುದುಕಿಯ ಮೇಲೆ ಎಷ್ಟು ರೇಗಿದ್ದೆ ಎಂಬುದು ನೆನಪಾಯಿತು. ನಿಮ್ಮಂಥ ತಿಳಿಗೇಡಿಗಳಿಗಾಗಿ ನಾನು ಗುಡ್ಡ ಹತ್ತಬೇಕಾಯಿತಲ್ಲ ಎಂದಿದ್ದರು.

ಊಟದ ನಂತರ ಒಂದು ಕೊರಕಲು ಬಂತು. ಹೋದ ಮಳೆಗಾಲದಲ್ಲಿ ಅಲ್ಲಿ ಬಂಡೆಗಳು ಕುಸಿದಿದ್ದವು. ಆಡುಗಳ ದಾರಿ ಉಳಿದಿದೆಯೋ ಇಲ್ಲವೋ ಎಂದು ಮೊದಲು ತಾನು ಹೋಗಿ ನೋಡಿಬರುತ್ತೇನೆ ಎಂದಳು ಆದೆಮ್ಮ. ಮಲಂಗಸಾಬರನ್ನು ಬಾರಿಹಣ್ಣಿನ ಗಿಡದ ಹತ್ತಿರ ಒಂದು ಬಂಡೆಗೆ ಬೆನ್ನು ಆನಿಸಿ ಕೂಡಿಸಿದಳು.

"ಇಲ್ಲೇ ಕುಂದರ್ರಿ. ನಾ ಬಂದು ಕೈ ಹಿಡಿಯೂತನ ಏಳಬ್ಯಾಡ್ರಿ."

ಕೋಲಿನ ಟಕ್ ಟಕ್ ಸದ್ದು ದೂರವಾಗಿ ಅಡಗಿತು. ಈಗ ಮಲಂಗಸಾಬರಿಗೆ ಭಯವಾಯಿತು. ಬೆಳಗಿನಿಂದ ಹಿಡಿದುಕೊಂಡಿದ್ದ ದನಿ ನಿಂತುಹೋಗಿತ್ತು. ಕಣ್ಣು ಬಿಟ್ಟರೆ ಬಿಳಿ ಬೆಳಕು, ಹಸಿರು ಕಲೆ, ಕಂದು ಕಲೆ, ಅಷ್ಟೇ. ಒಂದೆರಡು ಮಾರು ಮುಂದೆ ನೆಲವಿದೆಯೋ ಪಾತಾಳವಿದೆಯೋ ತಿಳಿಯದು. ಎಷ್ಟು ಹೊತ್ತು ಹಾಗೆ ಕೂತರೋ. ಕೊನೆಗೆ ಎಡಗಡೆ ಒಣ ಎಲೆಗಳ ಮೇಲೆ ಹೆಜ್ಜೆಯ ಸದ್ದಾಯಿತು. ಉಸ್ಸು ಬುಸ್ಸು ಎಂಬ ಏದುಸಿರು ಕೇಳಿಸಿತು. ಕರ್ರಗಿನ ಒಂದು ಆಕಾರ ಬಾರಿಗಿಡದ ಬುಡಕ್ಕೆ ಬಂದು, ಉಸ್ಸಪ್ಪಾ ಎಂಬಂತೆ ಕುಕ್ಕರಿಸಿತು. ಕಂಬಳಿ ಬೆವರಿನಲ್ಲಿ ನೆನೆದಾಗ ಬರುವಂಥ ಘಾಟು ಮೂಗಿಗೆ ಬಡಿಯಿತು.

ಮಲಂಗಸಾಬರ ಎದೆ ತುಂಬಿ ಬಂತು.

"ಬಂದ್ಯಾ ಯವ್ವಾ? ಭಾಳ ಹೊತ್ತು ಮಾಡಿದಿ ನೋಡು, ಜೀವ ಹಾರಿಹೋಗಿತ್ತು. ಕುಂದರು, ಸ್ವಲ್ಪ ದಮ್ಮು ತಗೋ. ನನ್ನ ಸಲುವಾಗಿ ಈ ವಯಸ್ಸಿನ್ಯಾಗ ಎಷ್ಟು ದಣದಿ."

ಉತ್ತರ ಬರಲಿಲ್ಲ. ಏದುಸಿರು ಮಾತ್ರ ಮುಂದುವರಿಯಿತು. ದಣಿವಿನಿಂದ ಮಾತು ಬರುತ್ತಿಲ್ಲ ಪಾಪ ಎಂದುಕೊಂಡರು ಸಾಬರು. ಬೆಳಗಿನಿಂದ ಅವಳೇ ಮಾತಾಡಿದ್ದಳು, ಈಗ ತಮ್ಮ ಸರದಿ ಅನ್ನಿಸಿತು.

"ನಿನ್ನಿ ನಿನಗ ಬೈದೆ. ತಪ್ಪಾತು. ನಿನ್ನ ಮುಂದ ಒಂದು ಮಾತು ಹೇಳ್ತೀನಿ, ಯಾರ ಮುಂದೂ ಹೇಳಿಲ್ಲ. ಮಂಗ್ಯಾನ ಮ್ಯಾಲ ತಪ್ಪು ಹಾಕಿದ್ರ ಸುಳ್ಳಾಗ್ತದ. ಚಾಳೀಸು ಇದ್ದಾಗೂ ನನಗ ನೆಟ್ಟಗ ಕಾಣ್ತಿರಲಿಲ್ಲ ಯವ್ವಾ. ಎರಡು ವರ್ಷಾತು, ಬಲಗಣ್ಣಿಗೆ ಪೊರಿ ಬಂದದ. ಈಗ ಎಡಗಣ್ಣಿಗೂ ಹೊಂಟದ. ಡಾಕ್ಟರ ಸಾಹೇಬರಿಗೆ ಹೇಳಿಲ್ಲ. ಮನ್ಯಾಗ ರಂಜಾನಬಿಗೂ ಹೇಳಿಲ್ಲ. ಕೂಸಿನ ತೋಳು ಹಿಡಿದು, ಬೆರಳಿನ್ಯಾಗ ತಡಕಿ, ಕೈ ರೂಢಿ ಮ್ಯಾಲ ಸೂಜಿ ಹಾಕ್ತೀನಿ. ಇಲ್ಲೀತನ ಯಾರಿಗೂ ಕೆಟ್ಟಿಲ್ಲ, ಅಲ್ಲಾ ಕಾಯ್ದಾನ. ಆದ್ರ ದಿನಾ ಮುಂಜಾನಿ ಏಳೂವಾಗ ಹೆದರಿಕಿ ಆಗ್ತದ. ಸೂಜಿ ಕೈಯಿಂದ ಹೋದ್ರ ನಾ ಯಾರು? ಊರಾಗ ಹೋದ್ರ ಮಂದಿ 'ಮೈಲಿ ಸೂಜಿ ಹಾಕೋ ಸಾಬರು ಬಂದ್ರು' ಅಂತಾರ. ಆಮ್ಯಾಲ ಏನಂತಾರ?"

ಪಕ್ಕದಲ್ಲಿ ಮೂಗು ಸುರ್ ಸುರ್ ಎಂದಿತು. ಏನನ್ನೋ ನುಂಗಿಕೊಂಡಂಥ ಸದ್ದು.

"ಅಳಬ್ಯಾಡ ಯವ್ವಾ," ಎಂದರು ಸಾಬರು. ಅವರದೇ ಕಣ್ಣು ಒದ್ದೆಯಾಗಿತ್ತು. "ನನ್ನ ಕತಿ ಕೇಳಿ ನೀ ಯಾಕ ಅಳ್ತಿ?"

ಆಗ ತಲೆಯ ಮೇಲ್ಗಡೆ, ನಾಲ್ಕೈದು ಮಾರು ದೂರದ ಬಂಡೆಯ ಮೇಲಿನಿಂದ, ಆದೆಮ್ಮನ ದನಿ ಕೇಳಿಸಿತು. ದನಿ ಮೆತ್ತಗಿತ್ತು, ನಡುಗುತ್ತಿರಲಿಲ್ಲ.

"ಸಾಬರ. ಏಳಬ್ಯಾಡ್ರಿ. ಕೈ ಚಾಚಬ್ಯಾಡ್ರಿ. ನಿಮ್ಮ ಬಾಜೂಕ ಇರೋದು ನಾನಲ್ಲ."

ಸಂತೈಸಲು ಚಾಚಹೊರಟಿದ್ದ ಕೈಯನ್ನು ಮಲಂಗಸಾಬರು ಮೆಲ್ಲಗೆ ಮಡಿಲಿಗೆ ಎಳೆದುಕೊಂಡರು.

"ಕರಡಿ ಅದ. ಬಾರಿಹಣ್ಣು ತಿನ್ನಾಕ ಬಂದದ. ನಿಮ್ಮ ಮಾತು ಕೇಳಿ ಸುಮ್ಮನ ಕುಂತದ. ಮಾತು ನಿಲ್ಲಸಬ್ಯಾಡ್ರಿ, ನಿಲ್ಲಿಸಿದ್ರ ಬೆದರತದ. ಹಂಗ ಸಣ್ಣಗ ಮಾತಾಡ್ಕೊಂತ ಇರ್ರಿ."

ಮಾತಾಡಿ ಎಂದರೆ ಏನು ಮಾತಾಡುವುದು? ದೇವರ ಹೆಸರು ಕೂಡ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಇಪ್ಪತ್ತಾರು ವರ್ಷ ತಿರುಗಿದ ಊರುಗಳ ಹೆಸರು. ಅದನ್ನೇ ಹೇಳತೊಡಗಿದರು. "ಗಬ್ಬೂರು... ಅರಕೇರಿ... ಸಿರವಾರ... ಕವಿತಾಳ, ಕವಿತಾಳದಾಗ ಸಂತಿ ದಿನ ಹಾಕೂದು... ದೇವಸುಗೂರು, ಹೊಳಿ ದಂಡಿ ಊರು, ಅಲ್ಲಿ ಮಂದಿ ಭಾಳ ಒಳ್ಳೆಯವರು... ಕುರ್ಡಿ... ಕುರ್ಡಿಗೆ ಹೋಗಬೇಕು ಯಪ್ಪಾ, ಇವತ್ತು ಕುರ್ಡಿಗೆ ಹೋಗಬೇಕು..."

ಕರಡಿ ಹಣ್ಣು ತಿಂದಿತು. ಸಾವಕಾಶವಾಗಿ, ಒಂದನ್ನೂ ಬಿಡದೆ ತಿಂದಿತು. ಒಂದು ಸಲ ಅದರ ಉಸಿರು ಸಾಬರ ಕೆನ್ನೆಗೆ ಬಿಸಿಯಾಗಿ ತಾಗಿತು. ಅವರು ಮತ್ತೆ ಗಬ್ಬೂರಿನಿಂದ ಶುರು ಮಾಡಿದರು. ಎರಡನೇ ಸಲ ದೇವಸುಗೂರಿಗೆ ಬರುವಷ್ಟರಲ್ಲಿ ಎಲೆಗಳು ಸರಪರ ಎಂದವು. ಏದುಸಿರು ಕೆಳಗಿಳಿಯಿತು, ದೂರವಾಯಿತು, ಕೊರಕಲಿನ ಆಚೆ ಕಲ್ಲೊಂದು ಉರುಳಿದ ಸದ್ದಾಯಿತು. ಆಮೇಲೆ ಏನೂ ಇಲ್ಲ.

ಆದೆಮ್ಮ ಬಂದು ಅವರ ಕೈ ಹಿಡಿದಳು. ಅವಳ ಕೈ ಮಂಜುಗಡ್ಡೆಯಂತಿತ್ತು. ಮೊದಲು ನಕ್ಕವಳು ಅವಳು. ನಗು ಹೊಟ್ಟೆಯಿಂದ ಎದ್ದು ಬಂದು ಅವಳು ಕೆಮ್ಮುವಂತಾಯಿತು.

"ಹೋದ್ರ ಹೋಗ್ಲಿ, ಸಾಬರ, ಅದಕ್ಕೂ ಒಂದು ಸೂಜಿ ಹಾಕಿಬಿಡಬೇಕಾಗಿತ್ತು."

ಸಾಬರೂ ನಕ್ಕರು. ನಗುತ್ತ ನಗುತ್ತ ಅತ್ತರು. ಪ್ರಾಣ ಉಳಿದದ್ದಕ್ಕೋ, ಎರಡು ವರ್ಷ ಎದೆಯ ಮೇಲೆ ಹೊತ್ತಿದ್ದ ಭಾರ ಇಳಿದದ್ದಕ್ಕೋ ಅವರಿಗೇ ತಿಳಿಯಲಿಲ್ಲ.

ಕೊರಕಲನ್ನು ಕೂತು, ತೆವಳಿ, ಒಂದೊಂದೇ ಬಂಡೆ ತಡವಿ ದಾಟಿದರು. ಆಚೆ ದಡ ಸೇರಿದ ಮೇಲೆ ಮಲಂಗಸಾಬರು ಕೇಳಿದರು: "ಎಷ್ಟು ಕೇಳಿಸ್ತು ನಿನಗ?"

"ಪೊರಿ ಮಾತಿನಿಂದ ಹಿಡಿದು ಎಲ್ಲಾ ಕೇಳಿಸ್ತು. ಸುಳ್ಳು ಯಾಕ ಹೇಳಲಿ."

"ಯಾರ ಮುಂದೂ ಅನಬ್ಯಾಡ."

ಆದೆಮ್ಮ ನಡೆಯುತ್ತಲೇ ಅಂದಳು: "ನಿಮ್ಮ ಕೈ ಹಗೂರ ಅದ ಸಾಬರ. ನಿನ್ನಿ ಒಂದು ಕೂಸೂ ಅಳಲಿಲ್ಲ. ಅದು ಖರೇ. ಆದ್ರ ಒಂದು ಮಾತು ಕೇಳ್ರಿ. ಹಿಂಡಿನ್ಯಾಗ ಕುರಿಗೆ ಕಾಲು ನೋವಾದ್ರ ನಾವು ಹೆಗಲ ಮ್ಯಾಲ ಹೊತ್ಕೊಂಡು ಹೋಗ್ತೀವಿ, ಬಿಟ್ಟು ಬರಂಗಿಲ್ಲ. ಆದ್ರ ಕೆಲವು ಕುರಿ ಕುಂಟೂದು ತೋರಿಸಿಕೊಳ್ಳಂಗಿಲ್ಲ. ಹಿಂಡಿನ ಜೋಡಿ ಹೆಂಗೋ ಓಡ್ತಾವ. ತೋಳದ ಬಾಯಿಗೆ ಮೊದಲ ಬೀಳೂವು ಅವ. ಡಾಕ್ಟರಿಗೆ ಹೇಳ್ರಿ. ಹೇಳಿದ್ರ ಹೊರ್ತಾರ. ಹೇಳದಿದ್ರ ಹೆಂಗ ಹೊರಬೇಕು?"

ಸಾಬರು ಕೋಲಿನ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಬಿಸಿಲು ಮುಖದ ಎದುರಿಗೆ ಬಂತು. ಇಳಿಜಾರು ಮೆಲ್ಲಗೆ ಸಪಾಟಾಗತೊಡಗಿತು. ಬಂಡೆಯ ಬದಲು ಗೊರಚು ಮಣ್ಣು, ಗೊರಚಿನ ಬದಲು ಕರಿ ಮಣ್ಣು. ಬಿರುಕು ಬಿಟ್ಟ ಎರೆಭೂಮಿಯ ಮೆತ್ತನೆಯ ಹೆಂಟೆ ಕಾಲಿಗೆ ತಾಗಿದಾಗ ಮಲಂಗಸಾಬರಿಗೆ ಅದನ್ನು ಬಗ್ಗಿ ಮುಟ್ಟಬೇಕೆನಿಸಿತು, ಮುಟ್ಟಿದರು. ಜೋಳದ ಗರಿಗಳು ಎರಡೂ ಬದಿಯಿಂದ ಕೈ ಸವರುತ್ತಿದ್ದವು. ಹೊತ್ತು ಮುಳುಗುವ ಮೊದಲು ಕುರ್ಡಿಯ ನಾಯಿಗಳು ಬೊಗಳುವುದು ಕೇಳಿಸಿತು.

ಯಂಕಮ್ಮನ ಮನೆಯ ಕಟ್ಟೆಯ ಮೇಲೆ ಅವರನ್ನು ಕೂಡಿಸಿ ಬಿಸಿನೀರು ಕೊಟ್ಟರು. ಕಾಲಿನ ಗಾಯಗಳಿಗೆ ಯಂಕಮ್ಮ ಅರಿಸಿನ ಹಚ್ಚಿದಳು. ಊರಗೌಡರು ಸುದ್ದಿ ತಿಳಿದು ಬಂದರು. ನಾಳೆ ಮುಂಜಾನೆ ಚಾವಡಿಯಲ್ಲಿ ಮಕ್ಕಳನ್ನೆಲ್ಲ ಸೇರಿಸಿರುತ್ತೇವೆ, ಸಾಬರು ಲಸಿಕೆ ಹಾಕಲಿ ಎಂದರು.

ಚಾಳೀಸು ಮಂಗ ಒಯ್ದಿತು ಎಂದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಒಳಗೆ ಒಲೆಯ ಮುಂದೆ ಕೂತ ಆದೆಮ್ಮ ಅಕ್ಕನ ಮಗಳೊಂದಿಗೆ ಮಾತಾಡುತ್ತಿದ್ದಳು. ಅವಳು ಇತ್ತ ಕಿವಿ ಕೊಟ್ಟಿದ್ದಳೋ ಇಲ್ಲವೋ.

"ಗೌಡರ, ನಾ ಹಾಕಂಗಿಲ್ಲ," ಎಂದರು ಸಾಬರು. "ನನ್ನ ಕಣ್ಣಿಗೆ ಪೊರಿ ಬಂದದ. ಚಾಳೀಸು ಇದ್ರೂ ನೆಟ್ಟಗ ಕಾಣಂಗಿಲ್ಲ. ಇವತ್ತ ದೇವದುರ್ಗಕ್ಕ ಒಬ್ಬ ಆಳನ್ನ ಕಳಸ್ರಿ, ಡಾಕ್ಟರಿಗೆ ಚೀಟಿ ಬರಸ್ತೀನಿ. ಬ್ಯಾರೆ ಮನಶ್ಯಾನ್ನ ಕಳಸ್ತಾರ. ಅಲ್ಲೀತನ ಈ ಕುಡಿಕಿ ಬಾವ್ಯಾಗ ನೀರು ಮುಟ್ಟೂವಂಗ ಇಳಿಬಿಡ್ರಿ, ತಣ್ಣಗ ಇರ್ತದ. ಭಾಳ ದೂರದಿಂದ, ಭಾಳ ಜ್ವಾಕೀಲೆ ಬಂದದ ಅದು."

ಹೇಳಿ ಮುಗಿಸಿದ ಮೇಲೆ ಆಕಾಶ ಬೀಳಲಿಲ್ಲ. ಗೌಡರು "ಆತ್ರಿ ಸಾಬರ, ಈಗ ಬರಸ್ರಿ" ಎಂದು ಕಾಗದ ತರಿಸಿದರು. ಯಂಕಮ್ಮ ತಟ್ಟೆಗೆ ಬಿಸಿ ರೊಟ್ಟಿ ಹಾಕಿ, ಅವರ ಕೈಯನ್ನು ಹಿಡಿದು ಪಲ್ಯ ಯಾವ ಕಡೆ, ಮೊಸರು ಯಾವ ಕಡೆ ಎಂದು ತೋರಿಸಿಕೊಟ್ಟಳು. ಅಷ್ಟು ರುಚಿಯ ಊಟ ತಾವು ಉಂಡಿಲ್ಲವೆಂದು ಮಲಂಗಸಾಬರು ಮುಂದೆ ಎಷ್ಟೋ ಸಲ ಹೇಳುತ್ತಿದ್ದರು. ಅದಕ್ಕೆ ರಂಜಾನಬಿ ಮುಖ ದಪ್ಪ ಮಾಡಿಕೊಳ್ಳುತ್ತಿದ್ದಳು.

ಬೆಳಕು ಹರಿಯುವ ಮೊದಲೇ ಆದೆಮ್ಮ ಹೊರಟು ನಿಂತಳು. ಕುರಿ ಈದಿರುತ್ತವೆ, ತಾನಿಲ್ಲದಿದ್ದರೆ ಬೂದೆಪ್ಪನಿಗೆ ಕೈಕಾಲು ಆಡುವುದಿಲ್ಲ ಎಂದಳು. ಮಲಂಗಸಾಬರು ಕಟ್ಟೆಯಿಂದಿಳಿದು ಅವಳ ದನಿಯ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. ರಾತ್ರಿ ಮಲಗುವಾಗ ಹೇಳಬೇಕೆಂದು ಎಷ್ಟೋ ಮಾತು ಕೂಡಿಸಿಟ್ಟಿದ್ದರು.

"ಯವ್ವಾ, ನೀ ನನ್ನ ಇಳಿಸಿದಿ," ಎಂದರು ಅಷ್ಟೇ.

"ಇಳಿಸೂದು ಏನು ದೊಡ್ಡದ್ರಿ?" ಎಂದಳು ಆದೆಮ್ಮ. "ನೀವು ಹತ್ತಿ ಬಂದ್ರಲ್ಲ, ಅದು ದೊಡ್ಡದು. ನಾ ಹುಟ್ಟಿದಾಗಿಂದ ಆ ಗುಡ್ಡದ ಮ್ಯಾಲ ಸರಕಾರದವರು ಒಬ್ಬರೂ ಕಾಲಿಟ್ಟಿಲ್ಲ. ಕಾಲು ನಡುಗಿಕೊಂತ, ಅಲ್ಲಾ ಅಲ್ಲಾ ಅನಕೊಂತ, ನನಗ ಬೈಕೊಂತ ಬಂದ್ರಿ. ಆದ್ರ ಬಂದ್ರಿ. ನಮ್ಮ ಕೂಸುಗಳ ಪಾಲಿಗೆ ಅಷ್ಟು ಸಾಕು. ಬರ್ತೀನ್ರಿ ಯಪ್ಪಾ."

ಕೋಲಿನ ಸದ್ದು ಜೋಳದ ಹೊಲದ ಕಡೆ ಹೋಯಿತು. ಅದು ಪೂರ್ತಿ ಅಡಗುವವರೆಗೆ ಮಲಂಗಸಾಬರು ಕೈ ಇಳಿಸಲಿಲ್ಲ.

ಚೀಟಿ ನೋಡಿ ಡಾಕ್ಟರು ಕುರ್ಡಿಗೆ ಬೇರೆಯವನನ್ನು ಕಳಿಸಿ ಲಸಿಕೆ ಹಾಕಿಸಿದರು. ಮಲಂಗಸಾಬರನ್ನು ಮೊದಲು ಗದರಿದರು. ಆಮೇಲೆ ಮೂರು ತಿಂಗಳ ರಜೆ ಬರೆದು, ತಾವೇ ಕಾಗದ ಕೊಟ್ಟು ಹೈದರಾಬಾದಿಗೆ ಕಳಿಸಿದರು. ಅಲ್ಲಿ ಪೊರೆ ತೆಗೆದರು. ಯುದ್ಧದ ದೆಸೆಯಿಂದ ಹೊಸ ಚಾಳೀಸಿಗೆ ಗಾಜು ಸಿಗುವುದೇ ಕಷ್ಟವಾಗಿತ್ತು. ಸಿಕ್ಕಿತು, ತಡವಾಗಿ. ನೌಕರಿಗೆ ತಿರುಗಿ ಬಂದು ಮಲಂಗಸಾಬರು ಇನ್ನೂ ಆರು ವರ್ಷ ಸೂಜಿ ಹಿಡಿದರು. ಗುಡ್ಡ ಇಳಿದ ಆ ವರ್ಷ ಮಾನ್ವಿ ಕಡೆ ಸಿಡುಬಿಗೆ ಬಹಳ ಮಕ್ಕಳು ಹೋದವು. ಹದ್ದಿನಗುಡ್ಡದ ಹಟ್ಟಿಯಲ್ಲಿ ಒಂದು ಜೀವವೂ ಹೋಗಲಿಲ್ಲ. ಕುರ್ಡಿಯಲ್ಲಿ ಯಂಕಮ್ಮನ ಎರಡೂ ಕೂಸುಗಳು ಉಳಿದವು.

ಕಣ್ಣಿನ ಪಟ್ಟಿ ಕಟ್ಟಿಕೊಂಡು ರಾಯಚೂರಿನ ಮನೆಯಲ್ಲಿ ಮಲಗಿದ್ದ ದಿನಗಳಲ್ಲಿ ಮಲಂಗಸಾಬರು ನಮಾಜಿನ ಕೊನೆಯ ದುವಾದಲ್ಲಿ ತೀರಿಹೋದ ತಂದೆತಾಯಿಯ ಹೆಸರಿನ ನಂತರ ಇನ್ನೊಂದು ಹೆಸರು ಹೇಳುವುದು ರಂಜಾನಬಿಯ ಕಿವಿಗೆ ಬಿತ್ತು.

"ಆದೆಮ್ಮ ಅಂದ್ರ ಯಾರ್ರೀ?" ಎಂದು ಒಂದು ದಿನ ಕೇಳಿಯೇ ಬಿಟ್ಟಳು.

ಅವರು ಎದ್ದು ಕೂತು, ಮಂಗನಿಂದ ಹಿಡಿದು ಎಲ್ಲ ಹೇಳಿದರು. ಕರಡಿಯ ಭಾಗ ಬಂದಾಗ ಜಾಹೆದಾ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ರಂಜಾನಬಿ ನಗಲಿಲ್ಲ. ಬಹಳ ಹೊತ್ತು ಗಂಡನ ಪಟ್ಟಿ ಕಟ್ಟಿದ ಕಣ್ಣನ್ನೇ ನೋಡುತ್ತ ಕೂತಳು.

"ನನಗೂ ಹೇಳದ ಮಾತು ಕರಡಿಗೆ ಹೇಳಿದ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅದಾದ್ರೂ ಕೇಳಿಸ್ಕೊಂತಲ್ಲ, ಪುಣ್ಯಾ ಬರ್ಲಿ ಅದಕ್ಕ."

ಅಂದಿನಿಂದ ಅವಳ ದುವಾದಲ್ಲೂ ಆದೆಮ್ಮನ ಹೆಸರು ಸೇರಿತು. ಅದರ ಬೆನ್ನಿಗೇ, ಮೆಲ್ಲಗೆ, ಹೆಸರಿಲ್ಲದ ಆ ಕರಡಿಗೂ ಅವಳು ಒಳ್ಳೆಯದನ್ನೇ ಬೇಡಿಕೊಂಡಳು.